ಬಾಗಿಲು ಮುಚ್ಚಿದ ಮೇಲಿನ ವರ್ಷಗಳು

ದತ್ತಿ ಉಪನ್ಯಾಸ ನಡೆಯುವುದು ಬಡ್ಡಿಯಿಂದ. ಯಾರೋ ಒಬ್ಬರು ತಾಯಿಯ ಹೆಸರಿನಲ್ಲೋ ಗುರುವಿನ ಹೆಸರಿನಲ್ಲೋ ಒಂದು ಇಡಿಗಂಟನ್ನು ಬ್ಯಾಂಕಿನಲ್ಲಿ ಠೇವಣಿ ಇಡುತ್ತಾರೆ. ಅಸಲನ್ನು ಮುಟ್ಟುವಂತಿಲ್ಲ, ವರ್ಷ ವರ್ಷ ಬರುವ ಬಡ್ಡಿಯಲ್ಲಿ ಸಭೆ ಸೇರಬೇಕು, ಮಾತು ನಡೆಯಬೇಕು, ಆಡಿದ ಮಾತು ಅಚ್ಚಾಗಬೇಕು. ದತ್ತಿ ಕೊಟ್ಟವರು ಕಾಲವಾದ ಮೇಲೂ ಅವರ ಸಂಕಲ್ಪ ನಡೆದುಕೊಂಡು ಹೋಗುವುದು ಒಂದೇ ಒಂದು ನಂಬಿಕೆಯ ಮೇಲೆ: ಮುಂದಿನ ವರ್ಷವೂ ಆ ಬ್ಯಾಂಕಿನ ಬಾಗಿಲು ತೆರೆದಿರುತ್ತದೆ. ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ಈ ಸಭೆಯಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರ ಸಂಬಳ, ಉಳಿತಾಯ, ಮನೆ ಸಾಲ, ಮಕ್ಕಳ ಓದಿನ ಹಣ ಎಲ್ಲವೂ ಅದೇ ನಂಬಿಕೆಯ ಮೇಲೆ ನಿಂತಿವೆ. ಆ ಬಾಗಿಲು ಮುಚ್ಚಿದಾಗ ಏನಾಗುತ್ತದೆ ಎಂಬುದು ಇಂದಿನ ನನ್ನ ವಿಷಯ. ಬ್ಯಾಂಕು ಬಿದ್ದ ಕಥೆಗಳನ್ನು ನಾವು ಸಾಮಾನ್ಯವಾಗಿ ಬಿದ್ದ ದಿನದವರೆಗೆ ಮಾತ್ರ ಹೇಳುತ್ತೇವೆ. ಯಾರು ತಪ್ಪು ಮಾಡಿದರು, ಗಾಳಿಸುದ್ದಿ ಎಲ್ಲಿ ಹುಟ್ಟಿತು, ಜನ ಹೇಗೆ ಸಾಲುಗಟ್ಟಿದರು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಠೇವಣಿದಾರನ ಕಥೆ ಶುರುವಾಗುವುದೇ ಅಲ್ಲಿಂದ. ನನ್ನ ವಾದ ಇಷ್ಟು: ಬಿದ್ದ ಬ್ಯಾಂಕಿನಿಂದ ಠೇವಣಿದಾರನಿಗೆ ಆಗುವ ನಷ್ಟವನ್ನು ತೀರ್ಮಾನಿಸುವುದು ಬ್ಯಾಂಕು ಎಷ್ಟು ಹಣ ಕಳೆದುಕೊಂಡಿತು ಎಂಬುದಷ್ಟೇ ಅಲ್ಲ; ಬಾಗಿಲು ಮುಚ್ಚಿದ ಮೇಲೆ ಅವನು ಎಷ್ಟು ಕಾಲ ಕಾಯಬೇಕಾಯಿತು ಎಂಬುದೂ ಅಷ್ಟೇ ಮುಖ್ಯ. ನಮ್ಮ ಕಾನೂನು ಹಣವನ್ನು ಕಾಯಲು ನಿಧಾನವಾಗಿ ಕಲಿತಿದೆ. ಕಾಲವನ್ನು ಕಾಯಲು ಇನ್ನೂ ಪೂರ್ತಿ ಕಲಿತಿಲ್ಲ.

ಇದಕ್ಕೆ ನಾನು ಆರಿಸಿಕೊಂಡಿರುವುದು ನೆರೆಯ ನಾಡಿನ ಒಂದು ಬ್ಯಾಂಕು. 1912ರಲ್ಲಿ ತಿರುವಾಂಕೂರು ಸಂಸ್ಥಾನದ ತಿರುವಲ್ಲ ಎಂಬ ಸಣ್ಣ ಪಟ್ಟಣದಲ್ಲಿ ಕೆ.ಸಿ. ಮಾಮ್ಮನ್ ಮಾಪ್ಪಿಳ್ಳೈ ಅವರು ಒಂದು ಬ್ಯಾಂಕು ತೆರೆದರು. ಅದು ಮುಂದೆ ಟ್ರಾವಂಕೂರ್ ನ್ಯಾಷನಲ್ ಬ್ಯಾಂಕ್ ಎಂದು ಬೆಳೆಯಿತು. ಕೊಲ್ಲಂನಲ್ಲಿ ಸಿ.ಪಿ. ಮಾತ್ತನ್ ಅವರು ಕಟ್ಟಿದ ಕ್ವಿಲಾನ್ ಬ್ಯಾಂಕು 1937ರಲ್ಲಿ ಅದರೊಂದಿಗೆ ಸೇರಿ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಆಯಿತು. ರಿಸರ್ವ್ ಬ್ಯಾಂಕಿನ ಷೆಡ್ಯೂಲಿಗೆ ಸೇರಿದ್ದ, ದೇಶದುದ್ದಕ್ಕೂ ಶಾಖೆಗಳಿದ್ದ ಈ ಬ್ಯಾಂಕು ಒಂದಾದ ಒಂದು ವರ್ಷದೊಳಗೆ, 1938ರ ಜೂನ್ 21ರಂದು, ಹಣ ಕೊಡುವುದನ್ನು ನಿಲ್ಲಿಸಿತು. ಮದ್ರಾಸ್ ಹೈಕೋರ್ಟಿನ ಮೇಲ್ವಿಚಾರಣೆಯಲ್ಲಿ ಅದರ ಸಮಾಪನೆ ನಡೆಯಿತು. ರಿಸರ್ವ್ ಬ್ಯಾಂಕು ಹುಟ್ಟಿ ಆಗ ಮೂರೇ ವರ್ಷ. ಷೆಡ್ಯೂಲಿನಲ್ಲಿ ಹೆಸರಿರುವ ಬ್ಯಾಂಕು ಎಂದರೆ ಸರ್ಕಾರದ ಕಣ್ಣಿರುವ ಬ್ಯಾಂಕು ಎಂದು ಜನ ತಿಳಿದಿದ್ದರು. ಆ ತಿಳಿವಳಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು ಇದು.

1938ಕ್ಕೆ ಮಹಾ ಆರ್ಥಿಕ ಕುಸಿತ ಮುಗಿದಿರಲಿಲ್ಲವೇ ಎಂದು ಕೇಳಬಹುದು. ಲೆಕ್ಕದ ಪುಸ್ತಕದಲ್ಲಿ ಅದು ಮುಗಿದಿರಲಿಲ್ಲ. 1929ರ ಕೊನೆಯಲ್ಲಿ ಅಮೆರಿಕದ ಷೇರುಪೇಟೆಯಲ್ಲಿ ಶುರುವಾದ ಕುಸಿತ ನಮ್ಮ ಹಳ್ಳಿಗಳಿಗೆ ಬಂದದ್ದು ಬೆಲೆಯ ರೂಪದಲ್ಲಿ. ಎರಡು ಮೂರು ವರ್ಷಗಳಲ್ಲಿ ಭತ್ತ, ತೆಂಗು, ಅಡಿಕೆ, ಹತ್ತಿ, ನೆಲಗಡಲೆಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸಾಲ ಮಾತ್ರ ಇಳಿಯಲಿಲ್ಲ. ದಕ್ಷಿಣ ಕನ್ನಡದ ಒಬ್ಬ ಬೇಸಾಯಗಾರ 100 ಮುಡಿ ಅಕ್ಕಿ ಮಾರಿದರೆ ತೀರುವಷ್ಟು ಸಾಲ ಮಾಡಿದ್ದನೆಂದುಕೊಳ್ಳೋಣ. ಬೆಲೆ ಅರ್ಧವಾದ ಮೇಲೆ ಅದೇ ಸಾಲಕ್ಕೆ ಅವನು 200 ಮುಡಿ ಮಾರಬೇಕು, ಗದ್ದೆ ಮಾತ್ರ ಅಷ್ಟೇ ಇದೆ. ಬಡ್ಡಿ ಬಾಕಿಯಾಗಿ, ಬಾಕಿ ಅಸಲಿಗೆ ಸೇರಿ, ಪುಸ್ತಕದಲ್ಲಿ ಸಾಲ ಬೆಳೆಯುತ್ತಲೇ ಹೋಗುತ್ತದೆ. ಬ್ಯಾಂಕಿನ ಅಢಾವೆ ಪತ್ರಿಕೆಯಲ್ಲಿ ಅದು ಆಸ್ತಿಯ ಕಡೆ ನಿಂತಿರುತ್ತದೆ. ನೋಡಿದವರಿಗೆ ಬ್ಯಾಂಕು ದೊಡ್ಡದಾಗುತ್ತಿರುವಂತೆ ಕಾಣುತ್ತದೆ. ಜಮೀನಿನ ಅಡಮಾನದ ಮೇಲೆ ಕೊಟ್ಟ ಸಾಲದ ಗತಿ ಇದು. ಒಬ್ಬನ ಜಮೀನು ಹರಾಜಿಗೆ ಬಂದರೆ ಕೊಳ್ಳುವವರಿರುತ್ತಾರೆ. ಊರಿಗೆ ಊರೇ ಬಾಕಿಯಲ್ಲಿದ್ದಾಗ ಹರಾಜು ಕೂಗುವವನ ಮುಂದೆ ಯಾರೂ ನಿಲ್ಲುವುದಿಲ್ಲ. ಹೀಗೆ ಹಾಳಾದ ಸಾಲ ಐದು, ಎಂಟು ವರ್ಷ ಪುಸ್ತಕದೊಳಗೆ ಸದ್ದಿಲ್ಲದೆ ಕುಳಿತಿರಬಲ್ಲದು. ಬಾಗಿಲು ಮುಚ್ಚುವ ದಿನಕ್ಕೂ ಸಾಲ ಕೆಟ್ಟ ದಿನಕ್ಕೂ ನಡುವೆ ಇಷ್ಟು ದೂರವಿರುವುದರಿಂದಲೇ ಜನ ಕಾರಣವನ್ನು ತಪ್ಪು ಕಡೆ ಹುಡುಕುತ್ತಾರೆ.

ಚಿನ್ನದ ಕಥೆ ಇದಕ್ಕೆ ತದ್ವಿರುದ್ಧ, ಅದನ್ನು ಸ್ವಲ್ಪ ನಿಂತು ನೋಡಬೇಕು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡನ್ನು ಚಿನ್ನದಿಂದ ಬಿಡಿಸಿಕೊಂಡಿತು. ಪೌಂಡಿಗೆ ಕಟ್ಟಿದ್ದ ರೂಪಾಯಿಯೂ ಅದರ ಜೊತೆಗೇ ಇಳಿಯಿತು, ಚಿನ್ನದ ಬೆಲೆ ರೂಪಾಯಿಯಲ್ಲಿ ಏರಿತು. ತೊಲಕ್ಕೆ 21 ರೂಪಾಯಿಯ ಆಸುಪಾಸಿನಲ್ಲಿದ್ದದ್ದು ಕೆಲವೇ ವರ್ಷಗಳಲ್ಲಿ 30 ದಾಟಿತು. ಕಷ್ಟಕ್ಕೆ ಸಿಕ್ಕ ಮನೆಗಳು ಮೈಮೇಲಿನ ಒಡವೆ ಮಾರಿ ಕಂದಾಯ ಕಟ್ಟಿದವು, ದೇಶದ ಚಿನ್ನ ಹಡಗೇರಿ ಹೋಯಿತು. ಆದರೆ ಬ್ಯಾಂಕಿನ ಕಡೆಯಿಂದ ನೋಡಿದರೆ, ಒಡವೆಯ ಗಿರವಿಯ ಮೇಲೆ ಸಾಲ ಕೊಟ್ಟವರ ಕೈಯಲ್ಲಿದ್ದ ಭದ್ರತೆ ತಾನಾಗಿ ಬೆಳೆಯಿತು. ಜಮೀನಿನ ಮೇಲೆ ಕೊಟ್ಟವರ ಭದ್ರತೆ ಕುಸಿಯಿತು. ಒಂದೇ ಕುಸಿತ, ಒಂದೇ ಕರಾವಳಿ, ಎರಡು ಬಗೆಯ ಗತಿ. ಅದೇ ದಶಕದಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬ್ಯಾಂಕುಗಳು ಬೆಳೆದವು. ಅಮ್ಮೆಂಬಳ ಸುಬ್ಬರಾವ್ ಪೈ ಅವರು 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ನಿಧಿ ಕೆನರಾ ಬ್ಯಾಂಕಾಗಿ ನಿಂತಿತ್ತು. 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಶುರುವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು 1928ರಲ್ಲಿ ಪಿಗ್ಮಿ ಠೇವಣಿ ತಂದಿತ್ತು. ಕುಸಿತ ಅತಿ ಕಠಿಣವಾಗಿದ್ದ 1931ರಲ್ಲೇ ಎ.ಬಿ. ಶೆಟ್ಟರು ರೈತರನ್ನು ಜೊತೆಗೂಡಿಸಿ ಮಂಗಳೂರಿನಲ್ಲಿ ವಿಜಯ ಬ್ಯಾಂಕು ತೆರೆದರು.

ಆ ಪಿಗ್ಮಿಯನ್ನು ಹತ್ತಿರದಿಂದ ನೋಡಿ. ಬ್ಯಾಂಕಿನವನು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಾನೆ. ಎಂಟು ದಿನ ಕಟ್ಟಿದರೆ ಒಂದು ರೂಪಾಯಿ. ಒಂದು ದಿನವೂ ತಪ್ಪದೆ ವರ್ಷವಿಡೀ ಕಟ್ಟಿದರೆ 45 ರೂಪಾಯಿ 10 ಆಣೆ. ಮೀನು ಮಾರುವವಳು, ನೇಕಾರ, ಹೋಟೆಲಿನ ಮಾಣಿ ಹೀಗೆ ಕೂಡಿಟ್ಟ ಹಣ ಮಗಳ ಮದುವೆಗೋ, ಮಾಡಿನ ಹಂಚಿಗೋ, ಮುಂದಿನ ಮಳೆಗಾಲಕ್ಕೋ ಎಂದು ಹೆಸರು ಕಟ್ಟಿಕೊಂಡಿರುತ್ತದೆ. ಈ ಹಣದ ನಿಜವಾದ ಬೆಲೆ ಅದು ಬೇಕಾದ ದಿನ ಕೈಗೆ ಸಿಗುವುದರಲ್ಲಿದೆ. ಮಳೆಗಾಲಕ್ಕೆಂದು ಇಟ್ಟ 45 ರೂಪಾಯಿ ಹತ್ತು ಮಳೆಗಾಲ ಕಳೆದ ಮೇಲೆ ಪೂರ್ತಿ ಕೈಗೆ ಬಂದರೂ ಅದು ಇಟ್ಟ ಹಣವಲ್ಲ. ಬ್ಯಾಂಕಿನ ಲೆಕ್ಕದಲ್ಲಿ ನಷ್ಟ ಸೊನ್ನೆ. ಆ ಮನೆಯ ಲೆಕ್ಕದಲ್ಲಿ ಹಾಗಲ್ಲ.

ಈಗ 1938ರ ಜೂನ್ ತಿಂಗಳಿಗೆ ಬರೋಣ. ಬಾಗಿಲು ಮುಚ್ಚಿದ ಕ್ಷಣ ಠೇವಣಿದಾರನ ಸ್ಥಾನ ಬದಲಾಗುತ್ತದೆ, ಅವನಿಗದು ಗೊತ್ತಿರುವುದಿಲ್ಲ. ತನ್ನ ಹಣ ಬ್ಯಾಂಕಿನ ತಿಜೋರಿಯಲ್ಲಿ ತನ್ನದಾಗಿಯೇ ಇದೆ ಎಂದು ಅವನು ನಂಬಿರುತ್ತಾನೆ. ಕಾನೂನು ಹಾಗೆ ಹೇಳುವುದಿಲ್ಲ. ಫೋಲಿ ಮತ್ತು ಹಿಲ್ ಮೊಕದ್ದಮೆಯಲ್ಲಿ 1848ರಲ್ಲೇ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತ್ತು: ಬ್ಯಾಂಕಿಗೆ ಕಟ್ಟಿದ ಹಣ ಬ್ಯಾಂಕಿನದು, ಕಟ್ಟಿದವನು ಬ್ಯಾಂಕಿಗೆ ಸಾಲ ಕೊಟ್ಟವನು, ಅಷ್ಟೇ. ನಮ್ಮ ನ್ಯಾಯಾಲಯಗಳೂ ಅದೇ ದಾರಿ ಹಿಡಿದವು. ಸಮಾಪನೆ ಎಂದರೆ ಬಿದ್ದ ಕಂಪನಿಯ ಆಸ್ತಿಯನ್ನೆಲ್ಲ ಕೋರ್ಟಿನ ಲಿಕ್ವಿಡೇಟರು ವಶಕ್ಕೆ ತೆಗೆದುಕೊಂಡು, ಸಾಲಗಾರರಿಂದ ವಸೂಲು ಮಾಡಿ, ಭದ್ರತೆ ಹಿಡಿದವರಿಗೂ ಕಾನೂನು ಮೊದಲ ಹಕ್ಕು ಕೊಟ್ಟವರಿಗೂ ಸಲ್ಲಿಸಿ, ಉಳಿದದ್ದನ್ನು ಭದ್ರತೆಯಿಲ್ಲದ ಸಾಲಿಗರಿಗೆ ಸರಿಪ್ರಮಾಣದಲ್ಲಿ ಹಂಚುವುದು. ಠೇವಣಿದಾರ ನಿಂತಿರುವುದು ಆ ಕೊನೆಯ ಸಾಲಿನಲ್ಲಿ. ಅವನ ಹಿಂದೆ ಇರುವವರು ಷೇರುದಾರರು ಮಾತ್ರ. ವಸೂಲಾದಷ್ಟೇ ಹಂಚಿಕೆ, ವಸೂಲಾದಾಗಲೇ ಹಂಚಿಕೆ. ರೂಪಾಯಿಗೆ ಇಷ್ಟು ಆಣೆ ಎಂದು ಕಂತಿನಲ್ಲಿ ಬರುವ ಆ ಹಣಕ್ಕೆ ಡಿವಿಡೆಂಡ್ ಎಂದೇ ಹೆಸರು. ಲಾಭದ ಪಾಲಿಗೆ ಹೇಳುವ ಮಾತನ್ನೇ ಮುಳುಗಿದ ಹಣದ ಚೂರಿಗೂ ಹೇಳುವುದನ್ನು ಕೇಳುವಾಗ ಮನಸ್ಸಿಗೆ ನೋವಾಗುತ್ತದೆ.

ಲಿಕ್ವಿಡೇಟರ್ ಕೆಟ್ಟವರಾಗಬೇಕಿಲ್ಲ, ಸೋಮಾರಿಗಳೂ ಆಗಬೇಕಿಲ್ಲ. ಅವರ ಕೆಲಸದ ಗುಣವೇ ನಿಧಾನ. ಬೆಲೆ ಬಿದ್ದಿರುವಾಗ ಅಡಮಾನದ ಜಮೀನನ್ನು ಆತುರಾತುರವಾಗಿ ಮಾರಿದರೆ ಠೇವಣಿದಾರರಿಗೇ ನಷ್ಟ. ಕಾದರೆ ಕಾಲ ಹೋಗುತ್ತದೆ. ಪ್ರತಿ ಸಾಲಗಾರನ ಮೇಲೂ ದಾವೆ ಹೂಡಬೇಕು, ಪ್ರತಿ ದಾವೆಗೂ ಮೇಲ್ಮನವಿ ಇದೆ. ಅದರ ಜೊತೆಗೆ ಸಾಲಿಗರ ನಡುವೆಯೇ ಜಗಳ ಏಳುತ್ತದೆ. ವಸೂಲಿಗೆಂದು ಬ್ಯಾಂಕಿಗೆ ಕಳಿಸಿದ ಚೆಕ್ಕಿನ ಹಣ ಬ್ಯಾಂಕಿನದೋ ಕಳಿಸಿದವನದೋ, ಒಂದು ನಿರ್ದಿಷ್ಟ ಉದ್ದೇಶಕ್ಕೆ ಒಪ್ಪಿಸಿದ ಹಣ ನಂಬಿಕೆಯ ನಿಕ್ಷೇಪವೋ ಬರೀ ಠೇವಣಿಯೋ ಎಂಬಂಥ ಪ್ರಶ್ನೆಗಳು ಸಮಾಪನೆಯ ಸಹಜ ಬೆಳೆ. ತನ್ನ ಹಣ ನಿಕ್ಷೇಪವೆಂದು ಸಾಧಿಸಿದವನಿಗೆ ಪೂರ್ತಿ ಸಿಗುತ್ತದೆ, ಸಾಧಿಸಲಾಗದವನು ಆಣೆಗೆ ಕಾಯಬೇಕು. ಸಾಧಿಸುವುದಕ್ಕೆ ವಕೀಲರು ಬೇಕು. ಹಾಗಾಗಿ ಎಲ್ಲರನ್ನೂ ಸಮನಾಗಿ ನೋಡುವ ಉದ್ದೇಶದ ಈ ವಿಧಾನ, ಕಾಯುವ ಶಕ್ತಿ ಇದ್ದವನಿಗೂ ಇಲ್ಲದವನಿಗೂ ನಡುವಣ ಅಂತರವನ್ನು ಹೆಚ್ಚಿಸುತ್ತದೆ. ನಾಳೆ ಹತ್ತಾಣೆ ಬರಬಹುದಾದ ರೂಪಾಯಿಯ ಹಕ್ಕನ್ನು ಇಂದೇ ನಾಲ್ಕಾಣೆಗೆ ಬಿಟ್ಟುಕೊಡುವವರು ಯಾರು? ಮನೆಯಲ್ಲಿ ಅಕ್ಕಿ ಇಲ್ಲದವರು.

ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕಿನ ವಿಷಯದಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಇದೆ, ಅದನ್ನು ತಪ್ಪಿಸಿಕೊಂಡು ಮುಂದೆ ಹೋಗುವಂತಿಲ್ಲ. ಆ ಬ್ಯಾಂಕು ತಾನಾಗಿ ಬೀಳಲಿಲ್ಲ, ಬೀಳಿಸಲಾಯಿತು ಎಂದು ನಂಬುವವರು ಇಂದಿಗೂ ಇದ್ದಾರೆ. ತಿರುವಾಂಕೂರಿನ ದಿವಾನರಾಗಿದ್ದ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರಿಗೂ ಮಾಮ್ಮನ್ ಮಾಪ್ಪಿಳ್ಳೈ ಅವರಿಗೂ ರಾಜಕೀಯ ವೈರವಿತ್ತು. ಜವಾಬ್ದಾರಿ ಸರ್ಕಾರಕ್ಕಾಗಿ ಸಂಸ್ಥಾನದಲ್ಲಿ ಚಳವಳಿ ನಡೆಯುತ್ತಿದ್ದ ಕಾಲ ಅದು. ಮಾಪ್ಪಿಳ್ಳೈ ಅವರ ಮಲಯಾಳ ಮನೋರಮಾ ಪತ್ರಿಕೆಗೆ 1938ರ ಸೆಪ್ಟೆಂಬರಿನಲ್ಲಿ ಬೀಗ ಬಿತ್ತು. ಅಕ್ಟೋಬರಿನಲ್ಲಿ ಅವರನ್ನೂ ಮಾತ್ತನ್ ಅವರನ್ನೂ ಮದ್ರಾಸಿನಲ್ಲಿ ಬಂಧಿಸಿದರು, ಮುಂದೆ ಅವರು ಜೈಲುವಾಸ ಅನುಭವಿಸಿದರು. ಇನ್ನೊಂದು ಕಡೆಯವರು ಹೇಳುವುದು, ಬ್ಯಾಂಕು ಒಳಗೇ ಹದಗೆಟ್ಟಿತ್ತು, ನೆರವಿಗೆ ತಕ್ಕ ಭದ್ರತೆ ಅದರ ಬಳಿ ಇರಲಿಲ್ಲ, ಆದ್ದರಿಂದಲೇ ರಿಸರ್ವ್ ಬ್ಯಾಂಕು ಕೈ ಹಿಡಿಯಲಿಲ್ಲ ಎಂದು. ಈ ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದು ನನಗೆ ಅನಿಸುವುದಿಲ್ಲ. ಅಧಿಕಾರದಲ್ಲಿರುವವರ ದ್ವೇಷ ಒಂದು ಬ್ಯಾಂಕನ್ನು ಕೆಡವಬಲ್ಲದು, ಕೆಟ್ಟ ಸಾಲವೂ ಕೆಡವಬಲ್ಲದು, ಎರಡೂ ಕೂಡಿದರೆ ಕೆಲಸ ಇನ್ನೂ ಬೇಗ ಆಗುತ್ತದೆ. ನನ್ನ ಪ್ರಶ್ನೆ ಬೇರೆ. ದಿವಾನರೇ ಕೆಡವಿದರು ಎಂದು ಪೂರ್ತಿ ಒಪ್ಪಿಕೊಂಡರೂ, ಆ ಜಗಳದಲ್ಲಿ ಪಾತ್ರವೇ ಇಲ್ಲದ ಠೇವಣಿದಾರ ಏಕೆ ಕೋರ್ಟಿನ ಹೊರಗೆ ಕಾಯುತ್ತ ನಿಲ್ಲಬೇಕಾಯಿತು? ಏಕೆಂದರೆ ಬ್ಯಾಂಕನ್ನೂ ಉಳಿದ ಯಾವುದೇ ಕಂಪನಿಯಂತೆ ಮುಳುಗಿಸುವ ಕಾನೂನು ಮಾತ್ರ ಆಗ ಇತ್ತು. ಹತ್ತಿ ಗಿರಣಿ ಮುಚ್ಚಿದಾಗ ನಡೆಯುವ ವಿಧಾನವೇ ಬ್ಯಾಂಕಿಗೂ. 1936ರಲ್ಲಿ ಕಂಪನಿ ಕಾಯಿದೆಗೆ ಬ್ಯಾಂಕುಗಳ ಬಗ್ಗೆ ಒಂದು ಅಧ್ಯಾಯ ಸೇರಿಸಿ, ಕನಿಷ್ಠ 50,000 ರೂಪಾಯಿ ಬಂಡವಾಳ ಇರಬೇಕೆಂದು ಹೇಳಿದ್ದರೂ, ಬಿದ್ದ ಮೇಲಿನ ದಾರಿ ಬದಲಾಗಿರಲಿಲ್ಲ. ಈ ಪತನದ ಬೆನ್ನಿಗೇ, 1939ರ ನವೆಂಬರಿನಲ್ಲಿ, ಬ್ಯಾಂಕುಗಳಿಗೆ ಪ್ರತ್ಯೇಕ ಕಾಯಿದೆ ಬೇಕೆಂದು ರಿಸರ್ವ್ ಬ್ಯಾಂಕು ಸರ್ಕಾರಕ್ಕೆ ಪ್ರಸ್ತಾವ ಕಳಿಸಿತು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಕಾಯಿದೆ ಜಾರಿಗೆ ಬಂದದ್ದು 1949ರ ಮಾರ್ಚಿನಲ್ಲಿ.

ಅಮೆರಿಕದ ದಾರಿ ಬೇರೆಯಾಯಿತು. 1930ರಿಂದ 1933ರೊಳಗೆ ಅಲ್ಲಿ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ಹೆಚ್ಚಿನವು ಒಂದೇ ಊರಿನ, ಒಂದೇ ಕಟ್ಟಡದ ಸಣ್ಣ ಬ್ಯಾಂಕುಗಳು. ಸರ್ಕಾರ ನೇಮಿಸಿದ ರಿಸೀವರ್ ಬಂದು ಕೂರುತ್ತಿದ್ದ, ಗೋಧಿ ಹೊಲದ ಅಡಮಾನಗಳನ್ನು ವರ್ಷಗಟ್ಟಲೆ ಕರಗಿಸುತ್ತ ಕಂತು ಹಂಚುತ್ತಿದ್ದ. ತಿರುವಲ್ಲದ ಕಥೆಯೇ ಅದೂ. ಆದರೆ 1933ರ ಬ್ಯಾಂಕಿಂಗ್ ಕಾಯಿದೆ ಠೇವಣಿ ವಿಮೆಯನ್ನು ತಂದಿತು, 1934ರ ಜನವರಿ 1ರಿಂದ 2,500 ಡಾಲರಿನವರೆಗಿನ ಠೇವಣಿಗೆ ರಕ್ಷಣೆ ಸಿಕ್ಕಿತು. ರಿಸೀವರ್ ತನ್ನ ನಿಧಾನದ ಕೆಲಸ ಮಾಡಿಕೊಳ್ಳಲಿ, ಠೇವಣಿದಾರ ಅದಕ್ಕೆ ಕಾಯಬೇಕಾಗಿಲ್ಲ ಎಂಬ ವಿಚಾರ ಅದರೊಳಗಿತ್ತು. ವಸೂಲಿಯ ಕಾಲವನ್ನೂ ಠೇವಣಿದಾರನ ಕಾಲವನ್ನೂ ಬೇರೆ ಮಾಡಿದ್ದು ಆ ಕುಸಿತ ಕಲಿಸಿದ ಅತಿ ದೊಡ್ಡ ಪಾಠವೆಂದು ನಾನು ತಿಳಿದಿದ್ದೇನೆ. 2023ರ ಮಾರ್ಚ್ 10ರ ಶುಕ್ರವಾರ ಕ್ಯಾಲಿಫೋರ್ನಿಯದ ಸಿಲಿಕಾನ್ ವ್ಯಾಲಿ ಬ್ಯಾಂಕು ಮುಚ್ಚಿದಾಗ ನಮ್ಮ ಬೆಂಗಳೂರಿನ ಎಷ್ಟೋ ನವೋದ್ಯಮಗಳ ಹಣ ಅದರಲ್ಲಿತ್ತು. ಆ ಶನಿವಾರ, ಭಾನುವಾರ ಈ ಬಡಾವಣೆಗಳಲ್ಲೂ ನಿದ್ದೆಗೆಟ್ಟವರಿದ್ದರು. ಸೋಮವಾರ ಠೇವಣಿಯೆಲ್ಲ ಕೈಗೆ ಸಿಕ್ಕಿತು. ವಿಮೆಯ ಮಿತಿ ಮೀರಿದ ಹಣವನ್ನೂ ಕೊಡಬೇಕಿತ್ತೇ ಎಂಬ ವಾದ ಅಲ್ಲಿ ಇನ್ನೂ ನಡೆದಿದೆ; ಠೇವಣಿದಾರರು ವರ್ಷಗಟ್ಟಲೆ ಕಾಯಬೇಕಾಗಲಿಲ್ಲ ಎಂಬುದರಲ್ಲಿ ವಾದವಿಲ್ಲ.

ನಮಗೆ ಆ ಪಾಠ ಬರಲು ಇನ್ನೊಂದು ಪತನ ಬೇಕಾಯಿತು. 1960ರ ಆಗಸ್ಟ್ 8ರಂದು ರಿಸರ್ವ್ ಬ್ಯಾಂಕು ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕನ್ನು ಮುಚ್ಚಿಸಲು ಅಲ್ಲಿನ ಹೈಕೋರ್ಟಿಗೆ ಹೋಯಿತು. ಹೈಕೋರ್ಟಿನ ಸಮಾಪನೆಯ ಆದೇಶ ಸುಪ್ರೀಂ ಕೋರ್ಟಿನವರೆಗೆ ಹೋಗಿ 1962ರಲ್ಲಿ ಊರ್ಜಿತವಾಯಿತು. ಸಮಾಪನೆ ಮುಗಿದದ್ದು 1987ರಲ್ಲಿ, ಇಪ್ಪತ್ತೇಳು ವರ್ಷ. ಕೊನೆಗೆ ಠೇವಣಿದಾರರಿಗೆ ಸಿಕ್ಕಿದ್ದು ಶೇಕಡ 90ಕ್ಕೂ ಹೆಚ್ಚು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಇಷ್ಟು ಹಣ ಮರಳಿತು ಎಂದ ಮೇಲೆ ಆ ಬ್ಯಾಂಕು ಬರಿದಾಗಿರಲಿಲ್ಲ, ಮುಚ್ಚಿದ್ದೇ ತಪ್ಪು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಕೊರತೆ ಇದ್ದ ಬ್ಯಾಂಕು ತೆರೆದೇ ಇದ್ದಿದ್ದರೆ ಮೊದಲು ಓಡಿಬಂದವರು ಪೂರ್ತಿ ಹಣ ಒಯ್ದು, ಕೊನೆಯಲ್ಲಿ ಬಂದವರಿಗೆ ಖಾಲಿ ತಿಜೋರಿ ಉಳಿಯುತ್ತಿತ್ತು. ಮುಚ್ಚಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಮುಚ್ಚಿದ ಮೇಲೆ ಸಮಾಪನೆಯೊಂದೇ ದಾರಿಯಾದದ್ದು ತಪ್ಪು. ಕಂತುಗಳು ನಡುನಡುವೆ ಬಂದವು ನಿಜ. ಆದರೂ ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದವು ಎಂದು ಹಿಡಿದರೆ, 27ನೆಯ ವರ್ಷ ಕೈಗೆ ಬಂದ ಒಂದು ರೂಪಾಯಿಗೆ ಇಟ್ಟ ದಿನದ 21 ಪೈಸೆಯ ಶಕ್ತಿ ಮಾತ್ರ ಉಳಿದಿರುತ್ತದೆ. ಲಿಕ್ವಿಡೇಟರರ ವರದಿಯಲ್ಲಿ ಈ ನಷ್ಟಕ್ಕೆ ಕಲಮೇ ಇಲ್ಲ.

ಸಮಾಪನೆಯೊಂದೇ ದಾರಿಯಾಗಬಾರದು ಎಂಬುದನ್ನು ಸರ್ಕಾರ ಬೇಗ ಅರಿತುಕೊಂಡಿತು, ಅದನ್ನು ಮೆಚ್ಚಿ ಹೇಳಬೇಕು. ಅದೇ 1960ರಲ್ಲಿ ಕಾಯಿದೆಗೆ ತಿದ್ದುಪಡಿ ಬಂತು: ದುರ್ಬಲ ಬ್ಯಾಂಕಿನ ವಹಿವಾಟನ್ನು ಕೆಲವೇ ತಿಂಗಳು ತಡೆಹಿಡಿದು, ಅಷ್ಟರೊಳಗೆ ಅದನ್ನು ಗಟ್ಟಿ ಬ್ಯಾಂಕಿನೊಂದಿಗೆ ವಿಲೀನ ಮಾಡುವ ಅಧಿಕಾರ ರಿಸರ್ವ್ ಬ್ಯಾಂಕಿನ ಕೋರಿಕೆಯ ಮೇಲೆ ಸರ್ಕಾರಕ್ಕೆ ಸಿಕ್ಕಿತು. 1962ರ ಜನವರಿ 1ರಿಂದ ಠೇವಣಿ ವಿಮೆ ಬಂತು, ತಲೆಗೆ 1,500 ರೂಪಾಯಿ. ಇಲ್ಲಿ ಕನ್ನಡ ನಾಡಿನ ಬ್ಯಾಂಕುಗಳ ಪಾತ್ರ ದೊಡ್ಡದು. ಕೆನರಾ ಬ್ಯಾಂಕು 1961ರಲ್ಲಿ ಬ್ಯಾಂಕ್ ಆಫ್ ಕೇರಳ, ಟ್ರಿವೇಂಡ್ರಂ ಪರ್ಮನೆಂಟ್ ಬ್ಯಾಂಕುಗಳನ್ನೂ 1963ರಲ್ಲಿ ಮಧುರೆಯ ಪಾಂಡ್ಯನ್ ಬ್ಯಾಂಕನ್ನೂ ತನ್ನೊಳಗೆ ಸೇರಿಸಿಕೊಂಡಿತು. ಉಡುಪಿಯ ಸಿಂಡಿಕೇಟು ಸುಮಾರು ಇಪ್ಪತ್ತು ಸಣ್ಣ ಬ್ಯಾಂಕುಗಳನ್ನು ಹೊತ್ತುಕೊಂಡಿತು. ವಿಜಯ ಬ್ಯಾಂಕು ಒಂಬತ್ತನ್ನು. ಕರ್ಣಾಟಕ ಬ್ಯಾಂಕು ಚಿತ್ರದುರ್ಗ ಬ್ಯಾಂಕನ್ನೂ ಹುಬ್ಬಳ್ಳಿಯ ಬ್ಯಾಂಕ್ ಆಫ್ ಕರ್ನಾಟಕವನ್ನೂ. 1951ರಲ್ಲಿ ದೇಶದಲ್ಲಿದ್ದ 566 ವಾಣಿಜ್ಯ ಬ್ಯಾಂಕುಗಳು 1969ರ ಹೊತ್ತಿಗೆ 89ಕ್ಕೆ ಇಳಿದವು. ಊರಿನ ಹೆಸರು ಹೊತ್ತ ಎಷ್ಟೋ ಬ್ಯಾಂಕುಗಳ ಫಲಕ ಹೀಗೆ ಇಳಿಯಿತು. ಸ್ಥಳೀಯವಾದದ್ದು ಅಳಿಯಿತಲ್ಲ ಎಂದು ಮರುಗುವವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ಚಿತ್ರದುರ್ಗದ ಠೇವಣಿದಾರನ ಪಾಸ್‌ಬುಕ್ಕಿಗೆ ಹೊಸ ಬ್ಯಾಂಕಿನ ಮೊಹರು ಬಿತ್ತು. ಪಾಲಾಯಿಯವನ ಪಾಸ್‌ಬುಕ್ಕು ಕೋರ್ಟಿನ ದಾಖಲೆಯಾಯಿತು. ಇದರಲ್ಲಿ ಯಾವುದು ಲೇಸು ಎಂಬುದಕ್ಕೆ ಚರ್ಚೆ ಬೇಕಿಲ್ಲ.

ಇನ್ನೊಂದು ಆಕ್ಷೇಪವನ್ನು ಅರ್ಥಶಾಸ್ತ್ರಜ್ಞರು ಎತ್ತುತ್ತಾರೆ. ಠೇವಣಿದಾರನಿಗೆ ಹಣ ಖಂಡಿತ ಸಿಗುತ್ತದೆ, ಅದೂ ಬೇಗ ಸಿಗುತ್ತದೆ ಎಂದಾದರೆ ಅವನು ಬ್ಯಾಂಕನ್ನು ಆರಿಸುವಾಗ ಎಚ್ಚರ ವಹಿಸುವುದಿಲ್ಲ, ಹೆಚ್ಚು ಬಡ್ಡಿ ಕೊಡುವ ಕಡೆ ಓಡುತ್ತಾನೆ, ಅಡ್ಡದಾರಿಯ ಆಡಳಿತ ಮಂಡಳಿಗಳಿಗೆ ಅದೇ ಆಸರೆಯಾಗುತ್ತದೆ ಎಂದು. ಮಾತು ಪುಸ್ತಕದಲ್ಲಿ ಸರಿ. ಆದರೆ ಬ್ಯಾಂಕಿನ ಸಾಲದ ಕಡತಗಳು ಠೇವಣಿದಾರನ ಕಣ್ಣಿಗೆ ಬೀಳುವುದಿಲ್ಲ. ವರ್ಷ ವರ್ಷ ಒಳಗೆ ಹೋಗಿ ನೋಡುವ ಲೆಕ್ಕ ಪರಿಶೋಧಕರಿಗೂ ತಪಾಸಣೆಯ ಅಧಿಕಾರಿಗಳಿಗೂ ತಡವಾಗಿ ಕಂಡದ್ದನ್ನು, ದಿನಕ್ಕೆ ಎರಡಾಣೆ ಕಟ್ಟುವವಳು ಹೊರಗಿನಿಂದ ಕಾಣಬೇಕಿತ್ತು ಎನ್ನುವುದು ನ್ಯಾಯವಲ್ಲ. ಶಿಕ್ಷೆಯ ಭಯ ಎಚ್ಚರ ಹುಟ್ಟಿಸುವುದಾದರೆ, ಆ ಭಯ ಇರಬೇಕಾದ್ದು ಸಾಲ ಮಂಜೂರು ಮಾಡುವವರಿಗೆ. ಠೇವಣಿದಾರನಿಗೆ ಬೇಗ ಹಣ ಕೊಟ್ಟರೆ ನಿರ್ದೇಶಕರ ಮೇಲಿನ ಮೊಕದ್ದಮೆ ಒಂದು ದಿನವೂ ಹಗುರಾಗುವುದಿಲ್ಲ. ಹಣಕ್ಕೆ ಒಂದು ಮಿತಿ ಇಡುವುದನ್ನು ನಾನು ಒಪ್ಪುತ್ತೇನೆ. ಆ ಮಿತಿಯೊಳಗಿನ ಹಣವೂ ತಡವಾಗಿಯೇ ಬರಲಿ ಎನ್ನುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇದೆಲ್ಲ ಹಳೆಯ ಕಥೆ ಎನ್ನುವವರು 2020ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ವಹಿವಾಟಿಗೆ ತಡೆ ಬಿತ್ತು, ತಲೆಗೆ 50,000 ರೂಪಾಯಿಯ ಮಿತಿ. 18ರಂದು ತಡೆ ತೆರವಾಯಿತು, ಹದಿಮೂರು ದಿನ. ನವೆಂಬರ್ 17ರಂದು ಲಕ್ಷ್ಮೀ ವಿಲಾಸ್ ಬ್ಯಾಂಕಿಗೆ ತಡೆ ಬಿತ್ತು, 27ರಂದು ಅದು ಡಿಬಿಎಸ್ ಬ್ಯಾಂಕಿನಲ್ಲಿ ಸೇರಿತು, ಹತ್ತು ದಿನ. ಅದೇ ವರ್ಷ ಜನವರಿ 10ರಂದು ನಮ್ಮದೇ ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಿತ್ತು, ತಲೆಗೆ 35,000 ರೂಪಾಯಿಯ ಮಿತಿ. ಆರು ತಿಂಗಳಿಗೆಂದು ಬಂದ ನಿರ್ಬಂಧ ಮತ್ತೆ ಮತ್ತೆ ವಿಸ್ತರಣೆಯಾಗಿ ವರ್ಷಗಳು ಉರುಳಿದವು. ನಿವೃತ್ತಿಯ ಇಡಿಗಂಟನ್ನು ಅಲ್ಲಿಟ್ಟು ಅದರ ಬಡ್ಡಿಯಲ್ಲಿ ಔಷಧಿ ಕೊಳ್ಳುತ್ತಿದ್ದ ಹಿರಿಯ ನಾಗರಿಕರು ಆ ಠೇವಣಿದಾರರಲ್ಲಿ ಬಹಳ ಮಂದಿ. ಹತ್ತು ದಿನಕ್ಕೂ ಇಷ್ಟು ವರ್ಷಕ್ಕೂ ನಡುವಣ ವ್ಯತ್ಯಾಸವನ್ನು ಬ್ಯಾಂಕಿನ ನಷ್ಟದ ಗಾತ್ರವೊಂದೇ ವಿವರಿಸುವುದಿಲ್ಲ. ವಾಣಿಜ್ಯ ಬ್ಯಾಂಕಿಗೆ 1960ರಿಂದಲೇ ಸಿದ್ಧವಿದ್ದ ವಿಲೀನದ ದಾರಿ ಸಹಕಾರ ಬ್ಯಾಂಕಿಗೆ ತೆರೆದದ್ದು 2020ರ ತಿದ್ದುಪಡಿಯಿಂದ. ಅದಾದ ಮೇಲೆ ಮುಂಬಯಿಯ ಪಿಎಂಸಿ ಸಹಕಾರ ಬ್ಯಾಂಕು 2022ರಲ್ಲಿ ಯೂನಿಟಿ ಬ್ಯಾಂಕಿನಲ್ಲಿ ಸೇರಿತು. ಅಲ್ಲಿಯೂ ದೊಡ್ಡ ಠೇವಣಿಗಳ ಮರುಪಾವತಿ ಹತ್ತು ವರ್ಷಗಳ ಕಂತಿಗೆ ಹರಡಿತು. ವಿಮೆಯ ಮಿತಿ 1993ರಿಂದ ಒಂದೇ ಲಕ್ಷದಲ್ಲಿ ನಿಂತಿದ್ದು 2020ರ ಫೆಬ್ರವರಿ 4ರಂದು 5 ಲಕ್ಷವಾಯಿತು. ಅದಕ್ಕಿಂತ ದೊಡ್ಡ ಹೆಜ್ಜೆ 2021ರ ತಿದ್ದುಪಡಿ. ಬ್ಯಾಂಕಿನ ಪರವಾನಗಿ ರದ್ದಾಗಿ ಸಮಾಪನೆ ಶುರುವಾಗುವವರೆಗೆ ಕಾಯದೆ, ನಿರ್ಬಂಧ ಬಿದ್ದ 90 ದಿನಗಳಲ್ಲಿ ವಿಮೆಯ ಹಣ ಕೊಡಬೇಕೆಂದು ಅದು ಹೇಳಿತು. ನಮ್ಮ ಕಾನೂನು ಠೇವಣಿದಾರನ ಕಾಯುವಿಕೆಗೆ ದಿನದ ಲೆಕ್ಕದಲ್ಲಿ ಗಡುವು ಹಾಕಿದ್ದು ಅದೇ ಮೊದಲು. ತಿರುವಲ್ಲದ ಬ್ಯಾಂಕು ಬಿದ್ದು ಆಗ 83 ವರ್ಷವಾಗಿತ್ತು.

ಈ ರಕ್ಷಣೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಈ ಬಡಾವಣೆಯಲ್ಲೇ ತೋರಿಸಬಹುದು. ಕುಂದಲಹಳ್ಳಿಯಿಂದ ವೈಟ್‌ಫೀಲ್ಡ್‌ವರೆಗಿನ ದೊಡ್ಡ ವಸತಿ ಸಮುಚ್ಚಯಗಳಲ್ಲಿ ಮನೆ ಕೊಂಡವರಿಂದ ಸಂಗ್ರಹಿಸಿದ ಕಾರ್ಪಸ್ ನಿಧಿ ಇರುತ್ತದೆ. ಲಿಫ್ಟು ಹಳತಾದಾಗ, ಕಟ್ಟಡಕ್ಕೆ ಬಣ್ಣ ಹೊಡೆಯಬೇಕಾದಾಗ, ಕೊಳವೆಬಾವಿ ಬತ್ತಿದಾಗ ಬೇಕಾಗುವ ಹಣ ಅದು. ಸಂಘದ ಹೆಸರಿನಲ್ಲಿ ಬ್ಯಾಂಕಿನಲ್ಲಿ ಎಫ್‌ಡಿ ಆಗಿ ಕುಳಿತಿರುತ್ತದೆ. ವಿಮೆಯ ಲೆಕ್ಕದಲ್ಲಿ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ 5 ಲಕ್ಷ, ಸಂಘವೆಂದರೆ ಒಬ್ಬ ಠೇವಣಿದಾರ. ಮುನ್ನೂರು ಮನೆಗಳ ಸಮುಚ್ಚಯಕ್ಕೆ ಭಾಗಿಸಿದರೆ ಮನೆಗೆ 1,667 ರೂಪಾಯಿ. ಹೆಚ್ಚುಕಡಿಮೆ 1962ರಲ್ಲಿ ಒಬ್ಬ ಠೇವಣಿದಾರನಿಗೆ ಸಿಗುತ್ತಿದ್ದ ರಕ್ಷಣೆಯಷ್ಟೇ ಇಂದು ಇಲ್ಲಿನ ಒಂದು ಮನೆಗಿದೆ, ರೂಪಾಯಿಯ ಬೆಲೆ ಇಷ್ಟು ಇಳಿದ ಮೇಲೂ. ಶಾಲೆಯ ನಿಧಿಗಳು, ದೇವಸ್ಥಾನದ ಟ್ರಸ್ಟುಗಳು, ದತ್ತಿಗಳು ಎಲ್ಲಕ್ಕೂ ಇದೇ ಲೆಕ್ಕ. ಅನೇಕರ ಹಣವನ್ನು ಒಬ್ಬರ ಹೆಸರಿನಲ್ಲಿ ಇಟ್ಟಾಗ ಕಾನೂನು ಆ ಹೆಸರನ್ನು ಮಾತ್ರ ಎಣಿಸುತ್ತದೆ, ಹಿಂದಿರುವ ಜನರನ್ನು ಎಣಿಸುವುದಿಲ್ಲ. ಸದಸ್ಯರ ಪಟ್ಟಿ ಇರುವ ನೋಂದಾಯಿತ ಸಂಘಗಳ ವಿಷಯದಲ್ಲಾದರೂ ಸದಸ್ಯರನ್ನು ಲೆಕ್ಕಕ್ಕೆ ಹಿಡಿಯಬೇಕು, 90 ದಿನದ ಗಡುವು ಅವರಿಗೂ ಅನ್ವಯಿಸಬೇಕು ಎಂದು ನಾನು ಕೇಳುತ್ತೇನೆ. ಅದು ಆಗುವವರೆಗೆ ಇಲ್ಲಿರುವ ಪ್ರತಿಯೊಬ್ಬರಲ್ಲೂ ಒಂದು ಕೋರಿಕೆ: ನಿಮ್ಮ ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಖಜಾಂಚಿಯವರು ಲೆಕ್ಕಪತ್ರ ಓದಿ ಮುಗಿಸಿದ ಮೇಲೆ ಎದ್ದು ನಿಂತು, ಕಾರ್ಪಸ್ ಹಣ ಯಾವ ಯಾವ ಬ್ಯಾಂಕಿನಲ್ಲಿ, ಎಷ್ಟೆಷ್ಟು ಇದೆ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.